ಗೇಟು ದಾಟಿದ ಪೆನ್ಷನ್

ಸುರಪುರದಲ್ಲಿ ಆದಾಯ ತೆರಿಗೆ ಕಟ್ಟುವವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ಕಟ್ಟುತ್ತೇನೆಂದು ದಿನಾ ಹೇಳುವವರು ಮಾತ್ರ ಒಬ್ಬರೇ, ನಿವೃತ್ತ ಹೆಡ್ ಮಾಸ್ತರ ಪರಮಣ್ಣನವರು. ತಹಶೀಲ ಕಚೇರಿ ಎದುರಿನ ಲಾಡ್ಲೇಸಾಬನ ಚಹಾದ ಹೋಟೆಲಿನಲ್ಲಿ ಸಕ್ಕರೆ ಕಮ್ಮಿಯಾದರೂ "ಟ್ಯಾಕ್ಸ್ ಕಟ್ಟೋ ಮನುಷ್ಯಾಗ ಇಂಥಾ ಚಹಾ ಕೊಡ್ತೀಯೇನೋ" ಅನ್ನುತ್ತಾರೆ. ಬಸ್ಸು ತಡವಾದರೆ, ಕರೆಂಟು ಹೋದರೆ, ರಸ್ತೆಯಲ್ಲಿ ತಗ್ಗು ಬಿದ್ದರೆ, ತಮ್ಮ ಟ್ಯಾಕ್ಸಿನ ದುಡ್ಡು ಎಲ್ಲಿಗೆ ಹೋಯಿತೆಂದು ಹೋಟೆಲಿನ ಗೋಡೆಯನ್ನೇ ಕೇಳುತ್ತಾರೆ. ಇಷ್ಟು ದೊಡ್ಡ ಮನುಷ್ಯರು ಕುಡಿದ ಚಹಾದ ದುಡ್ಡು ಕೊಡುವವರು ಟ್ಯಾಕ್ಸ್ ಕಟ್ಟದ ಜಮಾಲಸಾಬರು.

ಜಮಾಲಸಾಬರು ನೀರಾವರಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಹುಣಸಗಿ ಕಡೆಯ ಕಾಲುವೆ ಮೇಲೆ ಗೇಟು ಏರಿಸಿ ಇಳಿಸಿದವರು. ಸಾಹೇಬರ ಫೋನು ಬಂದರೆ ಏರಿಸುವುದು, ಇನ್ನೊಬ್ಬ ಸಾಹೇಬರ ಫೋನು ಬಂದರೆ ಇಳಿಸುವುದು. ನಿವೃತ್ತರಾಗಿ ಎಂಟು ವರ್ಷವಾದರೂ ಲೋಕದ ಸಕಲ ವ್ಯವಹಾರವನ್ನು ಅವರು ಆ ಗೇಟಿನ ಮೇಲೆ ನಿಂತೇ ನೋಡುತ್ತಾರೆ. ಮಗಳು ಗುಲ್ನಾಜಳ ನಿಕಾಹ್ ಮುಗಿದ ಸಂಜೆ ಎಲ್ಲರೂ ಕಣ್ಣೀರು ಒರೆಸಿಕೊಳ್ಳುತ್ತಿದ್ದಾಗ "ಗೇಟು ದಾಟಿದ ನೀರು, ಇನ್ನ ಅವರ ಹೊಲದ್ದು" ಎಂದು ಹೇಳಿ, ಹೆಂಡತಿ ಅರ್ಜುಮಂದ ಮೂರು ದಿನ ಮಾತು ಬಿಡುವಂತೆ ಮಾಡಿಕೊಂಡಿದ್ದರು.

ನಾನು ಮೌನಪ್ಪ. ಲಾಡ್ಲೇಸಾಬನ ಹೋಟೆಲಿನ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ಹಾಕುತ್ತೇನೆ, ಫೋಟೊ ತೆಗೆಯುತ್ತೇನೆ, ಕೇಳಿದವರಿಗೆ ತಿಳಿದಷ್ಟು ಹೇಳುತ್ತೇನೆ. ಈ ಕಥೆಯ ಪಾಪದಲ್ಲಿ ನನ್ನದೂ ಪಾಲಿದೆ, ಅದಕ್ಕೇ ಹೇಳುತ್ತಿದ್ದೇನೆ.

ಪ್ರತಿ ತಿಂಗಳು ಪೆನ್ಷನ್ ಬಂದ ದಿನ ಜಮಾಲಸಾಬರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಸಾವಿರದ ಐನೂರು ರೂಪಾಯಿ ಕರವಸ್ತ್ರದಲ್ಲಿ ಗಂಟು ಕಟ್ಟಿ, ಕೈಯಲ್ಲಿ ಖಾಲಿ ಟಿಫಿನ್ ಡಬ್ಬಿ ಹಿಡಿದು ಶಹಾಪುರದ ಬಸ್ಸು ಹತ್ತುತ್ತಾರೆ. ಅಲ್ಲಿ ಅವರ ಅಕ್ಕ ಚಮನಬೀ ಇದ್ದಾರೆ, ಜಮಾಲಸಾಬರ ಬಾಯಲ್ಲಿ 'ಆಪಾ'. ತಾಯಿ ತೀರಿಕೊಂಡಾಗ ಐದು ವರ್ಷದವರಾಗಿದ್ದ ಜಮಾಲಸಾಬರಿಗೆ ತುತ್ತು ಮಾಡಿ ಉಣಿಸಿದವರು. ಈಗ ಗಂಡನಿಲ್ಲ, ಮಕ್ಕಳಿಲ್ಲ. ವಿಧವಾ ವೇತನ, ರೇಷನ್ ಅಕ್ಕಿ, ಒಂದು ಹೊಲಿಗೆ ಮಷೀನು ಇದೆ. ಅಕ್ಕ ರೊಕ್ಕ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ತಮ್ಮನಿಗೆ ಖಿಚಡಿ, ಹುಣಸೆಹುಳಿಯ ಖಟ್ಟಾ ಉಣಿಸುತ್ತಾರೆ, ಡಬ್ಬಿ ತುಂಬಿ ಕಳಿಸುತ್ತಾರೆ. ಎಂಟು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಲ್ಲ. ಆ ಸಂಜೆ ಬಸ್ಸಿನಿಂದ ಇಳಿಯುವ ಜಮಾಲಸಾಬರು ಪರಮಣ್ಣನವರಿಗಿಂತ ಒಂದು ಗೇಣು ಎತ್ತರ ಕಾಣುತ್ತಾರೆ.

ಕಳೆದ ನವೆಂಬರಿನಲ್ಲಿ ಜಮಾಲಸಾಬರು ನನ್ನ ಅಂಗಡಿಗೆ ಬಂದರು. ಪೆನ್ಷನ್ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಮಷೀನಿನ ಮೇಲೆ ಬೆರಳು ಒತ್ತಿ ಸರ್ಕಾರಕ್ಕೆ ತಿಳಿಸಬೇಕು. ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಅವರ ಬೆರಳಿನ ಗೆರೆಗಳು ಸವೆದುಹೋಗಿವೆ. ಐದು ಸಲ ಒತ್ತಿದರೂ ಅವರು ಬದುಕಿರುವುದನ್ನು ಮಷೀನು ಒಪ್ಪಲಿಲ್ಲ. ಅಷ್ಟರಲ್ಲಿ ಶಾಂತಾದೇವಿಯವರು ಬಂದರು. ಅವರ ಯಜಮಾನರು ಎಂಜಿನಿಯರಾಗಿದ್ದವರು, ಹಿಂದಿನ ವರ್ಷ ತೀರಿಕೊಂಡಿದ್ದರು.

"ಮೌನಪ್ಪ, ಪೆನ್ಷನ್ ಅವರದು. ಈಗ ನನ್ನ ಕೈಗಿ ಬರಾಕತ್ತದ. ಇದರ ಟ್ಯಾಕ್ಸ್ ಯಾರು ಕಟ್ಟಬೇಕು?" ಎಂದು ಕೇಳಿದರು.

"ಯಾರ ಕೈಗಿ ಬರ್ತದೋ ಅವರದೇ ಆದಾಯರಿ ಅಮ್ಮಾ. ನೀವೇ ತೋರಸಬೇಕು. ಅದರಾಗ ಒಂದಿಷ್ಟು ಮಾಫಿನೂ ಅದ," ಎಂದೆ.

ನಾನು ಹೇಳಿದ್ದು ಶಾಂತಾದೇವಿಯವರ ಮಟ್ಟಿಗೆ ನೂರಕ್ಕೆ ನೂರು ಸರಿ. ಆದರೆ ಹಿಂದೆ ನಿಂತಿದ್ದ ಜಮಾಲಸಾಬರು ಬೆರಳು ಎತ್ತಿ ಹಿಡಿದೇ ಕೇಳಿದರು: "ಅಂದ್ರ, ಒಬ್ಬರ ಪೆನ್ಷನ್ ಇನ್ನೊಬ್ಬರ ಕೈಗಿ ಹೋದ್ರ, ತಗೊಂಡವರೇ ಟ್ಯಾಕ್ಸ್ ಕಟ್ಟಬೇಕು?"

ಮಷೀನಿನಲ್ಲಿ ಹಾಳೆ ಸಿಕ್ಕಿಕೊಂಡಿತ್ತು. ನಾನು ತಿರುಗಿ ನೋಡದೆ "ಹೌದ್ರಿ ಚಾಚಾ" ಅಂದೆ.

"ಬರೋಬ್ಬರಿ. ಕಾಲುವಿ ಕಾನೂನೂ ಇದೇ ಅದ. ನೀರು ಯಾರ ಹೊಲಕ್ಕ ಹೋತೋ ಅವರೇ ಕರ ಕಟ್ಟಬೇಕು. ಗೇಟು ಬಿಟ್ಟವಗ ಏನೂ ಇಲ್ಲ," ಎಂದು ಅವರು ಆರನೇ ಸಲ ಬೆರಳು ಒತ್ತಿದರು. ಈ ಸಲ ಮಷೀನು ಒಪ್ಪಿಕೊಂಡಿತು.

ಅಲ್ಲಿಂದ ರಸ್ತೆ ದಾಟಿ ನೇರವಾಗಿ ಹೋಟೆಲಿಗೆ ಹೋದವರು ಪರಮಣ್ಣನವರ ಎದುರು ಕೂತು ಎಲ್ಲರಿಗೂ ಚಹಾ ಹೇಳಿದರಂತೆ.

"ಮಾಸ್ತರ್, ನಿಮ್ಮ ಪೆನ್ಷನಿಗಿ ನೀವೇ ಟ್ಯಾಕ್ಸ್ ಕಟ್ತೀರಿ. ನನ್ನ ಪೆನ್ಷನಿಗಿ ಮಂದಿ ಕಟ್ತಾರ," ಅಂದರು.

ಪರಮಣ್ಣನವರು ಚಹಾ ಸುರಿದುಕೊಂಡಿದ್ದ ಬಸಿಯನ್ನು ಬಾಯಿಂದ ಇಳಿಸಿದರು. "ಯಾವ ಮಂದಿ?"

"ಯಾರಿಗಿ ಕೊಡ್ತೀನೋ ಅವರು. ಸರ್ಕಾರದ ರೂಲ್ ಅದ. ಬೇಕಾದ್ರ ಮೌನಪ್ಪನ್ನ ಕೇಳ್ರಿ." ಹೀಗೆಂದು ಅವರು ಹೋಟೆಲಿನಿಂದಲೇ ನನ್ನ ಕಡೆಗೆ ಕೈ ಎತ್ತಿದರು. ಚಹಾ ಬೇಕೇನೋ ಎಂದು ಕೇಳುತ್ತಿದ್ದಾರೆಂದು ತಿಳಿದು ನಾನೂ ಕೈ ಎತ್ತಿದೆ. ಅದೇ ಸಾಕ್ಷಿಯಾಯಿತು.

ಟ್ಯಾಕ್ಸಿನ ವಿಷಯದಲ್ಲಿ ಇನ್ನೊಬ್ಬರು ಮುಂದೆ ಹೋಗುವುದನ್ನು ಪರಮಣ್ಣನವರು ಸಹಿಸುವುದಿಲ್ಲ. ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡು ಅಂದರು: "ಹಂಗಿದ್ರ ನಿಮ್ಮ ಅಕ್ಕನ ರೇಷನ್ ಕಾರ್ಡು ಹೋತು ತಿಳೀರಿ. ಟ್ಯಾಕ್ಸ್ ಕಟ್ಟೋರಿಗಿ ಬಿಪಿಎಲ್ ಕಾರ್ಡು ಇಲ್ಲ. ಗೃಹಲಕ್ಷ್ಮಿ ಎರಡು ಸಾವಿರನೂ ಇಲ್ಲ."

ಮೂಲೆಯಲ್ಲಿ ಬಳೆಗಾರ ಇನಾಯತ ಚಹಾ ಕುಡಿಯುತ್ತಿದ್ದ. ಅವನು ದಿನಾ ಬಳೆ ಪೆಟ್ಟಿಗೆ ಹೊತ್ತು ಸುರಪುರದಿಂದ ಶಹಾಪುರಕ್ಕೆ ಹೋಗಿ ಬರುವವನು. ಪೇಪರು ಓದಲು ಅವನಿಗೆ ಬರುವುದಿಲ್ಲ. ಎರಡೂ ಊರಿಗೆ ಅವನೇ ಪೇಪರು. ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿ ಎದ್ದು ಹೋದ.

ಡಿಸೆಂಬರ್ ಒಂದನೇ ತಾರೀಖು ನಾನೂ ಪ್ರಿಂಟರಿನ ಮಸಿ ತರಲು ಅದೇ ಬಸ್ಸಿನಲ್ಲಿ ಹೊರಟಿದ್ದೆ. "ಆಪಾನ ಕೈಯ್ಯ ಖಿಚಡಿ ಉಂಡು ಹೋಗು" ಎಂದು ಜಮಾಲಸಾಬರು ನನ್ನನ್ನು ಎಳೆದುಕೊಂಡು ಹೋದರು. ಓಣಿಯೊಳಗೆ ಕಾಲಿಟ್ಟಾಗಲೇ ನನಗೆ ಏನೋ ಸರಿಯಿಲ್ಲ ಅನಿಸಿತು. ಯಾವಾಗಲೂ "ಆರಾಮ ಅದೀರೇನ್ರಿ ಸಾಬ್ರ" ಎಂದು ಕೇಳುತ್ತಿದ್ದ ಹೆಂಗಸರು ಅಂದು ಸೆರಗು ಎಳೆದುಕೊಂಡು ಒಳಗೆ ಸರಿದರು. ಎದುರು ಮನೆಯ ಮುದುಕಮ್ಮ ಮಾತ್ರ ಕೋಲೂರಿಕೊಂಡು ನಡುವೆ ಬಂದು ನಿಂತಳು.

"ಜಮಾಲಸಾಬ, ಹೋದ ತಿಂಗಳ ನೀ ತಂದ ಬಾಳಿಹಣ್ಣು ನಾ ಎರಡು ತಿಂದೀನಿ. ನನ್ನ ಕಾರ್ಡೂ ಹೋಗ್ತದೇನಪ?"

"ಯಾವ ಕಾರ್ಡು?"

"ಖರೇ ಹೇಳು. ಎರಡೇ ಹಣ್ಣು. ಅದರಾಗ ಒಂದು ಕೊಳೆತಿತ್ತು."

ಅಷ್ಟರಲ್ಲಿ ಚಮನಬೀ ಬಾಗಿಲಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ರೇಷನ್ ಕಾರ್ಡು. ಅಕ್ಕ-ತಮ್ಮ ಇಬ್ಬರೂ ಮನೆಯೊಳಗೆ ಮಾತಾಡುವುದು ಉರ್ದುವಿನಲ್ಲಿ. ಅಂದು ಚಮನಬೀ ಕನ್ನಡ ಹಿಡಿದರು, ಇಡೀ ಓಣಿಗೆ ತಿಳಿಯಲೆಂದು.

"ಇನ್ನ ಮ್ಯಾಲೆ ನಿನ್ನ ರೊಕ್ಕ ಬ್ಯಾಡಪ ಜಮಾಲು. ಈ ಕಾರ್ಡು ಹೋದ್ರ ತಿಂಗಳಾ ಅಕ್ಕಿ ನೀ ಕೊಡ್ತೀಯೇನು? ಒಳಗ ಬಾ, ಉಣ್ಣು, ಹೋಗು. ರೊಕ್ಕ ಮಾತ್ರ ಹೊರಗ ತಗೀಬ್ಯಾಡ."

"ರೊಕ್ಕ ತಗೊಳ್ಳಿಲ್ಲಂದ್ರ ನಾ ಉಣ್ಣಂಗಿಲ್ಲ," ಎಂದರು ಜಮಾಲಸಾಬರು.

"ಉಣಬ್ಯಾಡ."

"ಉಣ್ಣಂಗಿಲ್ಲ."

ಒಳಗಿನಿಂದ ಖಟ್ಟಾದ ಹುಣಸೆಹಣ್ಣಿನ ವಾಸನೆ ಬರುತ್ತಿತ್ತು. ಅಕ್ಕ ಅಡುಗೆ ಮಾಡಿಯೇ ಬಾಗಿಲಿಗೆ ಬಂದಿದ್ದರು. ಇಬ್ಬರೂ ಒಂದೇ ತಾಯಿಯ ಮಕ್ಕಳು, ಹಟವೂ ಒಂದೇ ಅಳತೆಯದು. ಜಮಾಲಸಾಬರು ಖಾಲಿ ಡಬ್ಬಿಯನ್ನು ತೊಡೆಗೆ ಬಡಿದುಕೊಳ್ಳುತ್ತ ಹಿಂದಿರುಗಿದರು. ಚಮನಬೀ ಬಾಗಿಲು ಹಾಕಿಕೊಂಡರು. ನಡುವೆ ನನ್ನ ಖಿಚಡಿಯೂ ಹೋಯಿತು.

ಬಸ್ಸು ಕೆಂಭಾವಿ ಕ್ರಾಸು ದಾಟಿದ ಮೇಲೆ ಜಮಾಲಸಾಬರು ಕರವಸ್ತ್ರದ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಅಂದರು: "ಮೌನಪ್ಪ, ನನಗ ಕೊಡಾಕ ಇರೋದು ಇದೊಂದೇ. ಅದನ್ನೂ ತಗೊಳ್ಳಿಲ್ಲಂದ್ರ ನಾ ಯಾವ ಮುಖ ಹೊತ್ತು ಆ ಮನಿಗಿ ಹೋಗ್ಲಿ?" ಆಗಲೇ ನಾನು ಶಾಂತಾದೇವಿಯವರ ವಿಷಯ ಬೇರೆ, ನಿಮ್ಮದು ಬೇರೆ ಎಂದು ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. ಹೌದ್ರಿ ಅಂದವನೂ ನಾನೇ, ಅಲ್ಲರಿ ಅನ್ನುವವನೂ ನಾನೇ. ಯಾವ ಮೌನಪ್ಪನನ್ನು ನಂಬಬೇಕು?

ಮೂರು ದಿನ ಬಿಟ್ಟು ಯಾದಗಿರಿಗೆ ಕರೆದುಕೊಂಡು ಹೋದೆ. ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಬಾಲರಾಜ ಎಂಬವರು ವ್ಯಾಪಾರಸ್ಥರ ಟ್ಯಾಕ್ಸಿನ ಕಾಗದ ಬರೆಯುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಎಲ್ಲ ಕೇಳಿಸಿಕೊಂಡರು.

"ಪೆನ್ಷನ್ ಯಾರದು?"

"ನನ್ನದ್ರಿ."

"ನೀವು ಅದೀರಿ?"

"ನಿಮ್ಮ ಮುಂದೇ ಕುಂತೀನಲ್ರಿ."

"ಅಲ್ಲಿಗಿ ಮುಗೀತು. ಯಜಮಾನರು ಹೋದ ಮ್ಯಾಲೆ ಹೆಂಡ್ತಿಗಿ ಬರೋ ಪೆನ್ಷನಿಗಿ ಆ ರೂಲು. ಅದು ನಿಮಗ ಹತ್ತಬೇಕಂದ್ರ ಮೊದಲ ನೀವು ತೀರಿಕೋಬೇಕ್ರಿ."

"ಅದು ಹೆಂಗ ಆಗ್ತದ? ಮೊನ್ನೇ ಆರು ಸಲ ಬೆರಳು ಒತ್ತಿ ಬದುಕೀನಂತ ಸರ್ಕಾರಕ್ಕ ಒಪ್ಪಿಸೀನಿ," ಎಂದರು ಜಮಾಲಸಾಬರು ಗಾಬರಿಯಿಂದ.

ಬಾಲರಾಜ ತಾಳ್ಮೆಯವರು. "ನೋಡ್ರಿ ಸಾಬ್ರ, ಪೆನ್ಷನ್ ನಿಮ್ಮ ಖಾತಿಗಿ ಬಿತ್ತಂದ್ರ ಅದು ನಿಮ್ಮ ಆದಾಯ. ಆಮ್ಯಾಲೆ ಅಕ್ಕಗ ಕೊಡ್ರಿ, ಮಸೀದಿಗಿ ಕೊಡ್ರಿ, ಕೃಷ್ಣಾ ಹೊಳಿಗಿ ಚೆಲ್ರಿ, ಟ್ಯಾಕ್ಸ್ ನಿಮ್ಮ ತಲಿ ಮ್ಯಾಲೇ. ತಮ್ಮ ಕೊಟ್ಟಿದ್ದಕ್ಕ ಅಕ್ಕಗ ಟ್ಯಾಕ್ಸ್ ಇಲ್ಲ."

"ಇದು ಉಲ್ಟಾ ಆತಲ್ರಿ. ನೀರು ಹೊಲಕ್ಕ, ಕರ ಗೇಟಿನವಗ?"

"ಹಂಗೇ ತಿಳಕೋರಿ."

ಜಮಾಲಸಾಬರ ಮುಖ ನಿಧಾನವಾಗಿ ಅರಳಿತು. "ಅಂದ್ರ ನಾನೇ ಟ್ಯಾಕ್ಸ್ ಕಟ್ಟಬೇಕು. ನಾನೂ. ಪರಮಣ್ಣ ಮಾಸ್ತರ ಹಂಗ." ಅಂಗಿಯ ಕಾಲರು ಸರಿಮಾಡಿಕೊಂಡರು. "ಎಷ್ಟಾಗ್ತದ ಹೇಳ್ರಿ. ಕಟ್ಟೇ ಹೋಗ್ತೀನಿ."

ಬಾಲರಾಜ ಪಾಸ್‌ಬುಕ್ಕು ತಿರುವಿ, ಕ್ಯಾಲ್ಕುಲೇಟರು ಒತ್ತಿ, "ಸೊನ್ನಿ" ಅಂದರು.

"ಜರಾ ಸರಿಯಾಗಿ ನೋಡ್ರಿ."

"ಸೊನ್ನಿನೇ. ನಿಮ್ಮ ಪೆನ್ಷನ್ ಟ್ಯಾಕ್ಸಿನ ಗಡಿ ಮುಟ್ಟಂಗೇ ಇಲ್ಲ."

"ಒಂದು ಐವತ್ತು ರೂಪಾಯಿನಾದ್ರೂ? ಇಷ್ಟು ದೂರ ಬಂದೀವಿ."

"ಐದು ರೂಪಾಯಿನೂ ಇಲ್ರಿ. ತಗೊಂಡ್ರ ಸರ್ಕಾರ ನನ್ನ ಒದೀತದ."

ನಾನು ಕೇಳಿಕೊಂಡ ಮೇಲೆ ಬಾಲರಾಜ ಒಂದು ಹಾಳೆಯ ಮೇಲೆ ಎಲ್ಲ ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿಕೊಟ್ಟರು. ಅಕ್ಕನಿಗೆ ಟ್ಯಾಕ್ಸ್ ಇಲ್ಲ, ಕಾರ್ಡಿಗೆ ಧಕ್ಕೆಯಿಲ್ಲ; ತಮ್ಮನ ಟ್ಯಾಕ್ಸ್ ಸೊನ್ನೆ. ಜಮಾಲಸಾಬರು ಆ ಹಾಳೆಯನ್ನು ಬಸ್ಸಿನಲ್ಲಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅಕ್ಕನ ಬಾಗಿಲು ತೆರೆಯಬೇಕಾದರೆ ಓಣಿಯ ಮುಂದೆ ಆ ಸೊನ್ನೆಯನ್ನು ಓದಬೇಕು. ಓದಿದರೆ ಇನಾಯತನ ಬಾಯಿಂದ ಅದು ಸಂಜೆಯೊಳಗೆ ಸುರಪುರದ ಹೋಟೆಲಿಗೆ ಮುಟ್ಟುತ್ತದೆ. ಶಹಾಪುರ ಬಂದಾಗ ನಾನು ಅವರ ಮುಖ ನೋಡಿದೆ. "ಇಳಿ," ಅಂದರು.

ಓಣಿಯ ನಡುವೆ ನಿಂತು, ತಾವು ಹಿಂದೆ ಗೇಟಿನ ಮೇಲೆ ನಿಂತು ನೀರು ಬಿಡುವ ಸರದಿ ಕೂಗುತ್ತಿದ್ದ ದನಿಯಲ್ಲೇ ಓದಿದರು. ಚಮನಬೀ ಹೊಸ್ತಿಲ ಮೇಲೆ, ಮುದುಕಮ್ಮ ಕಟ್ಟೆಯ ಮೇಲೆ. ಬಾಗಿಲ ಪಕ್ಕದಲ್ಲಿ ಇನಾಯತ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. "ಸದರಿ ಜಮಾಲಸಾಬರ ಟ್ಯಾಕ್ಸ್ ಸೊನ್ನಿ" ಎನ್ನುವಾಗ ಒಮ್ಮೆ ಇನಾಯತನ ಕಡೆ ನೋಡಿದರು. ಆದರೂ ನಿಲ್ಲಿಸದೆ ಶಿಕ್ಕಾದಲ್ಲಿದ್ದ ಫೋನ್ ನಂಬರಿನ ತನಕ ಓದಿದರು.

"ನನ್ನ ಬಾಳಿಹಣ್ಣು?" ಎಂದಳು ಮುದುಕಮ್ಮ.

"ಅದೂ ಸೊನ್ನಿ," ಎಂದೆ ನಾನು.

ಚಮನಬೀ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ತಾ ಇಲ್ಲಿ," ಎಂದು ಕೈ ಚಾಚಿದರು. ಮೂರು ದಿನದಿಂದ ಬಿಚ್ಚದಿದ್ದ ಕರವಸ್ತ್ರದ ಗಂಟನ್ನು ಜಮಾಲಸಾಬರು ಬಿಚ್ಚಿ ಕೊಟ್ಟರು. ಅಕ್ಕ ನೋಟುಗಳನ್ನು ಕಣ್ಣಿಗೆ ಒತ್ತಿಕೊಂಡರು. ಆ ಖುಷಿಯಲ್ಲಿ, ಎಂಟು ವರ್ಷದ ರೂಢಿಯಲ್ಲಿ, ಅದೇ ಕೈಯನ್ನು ಪಕ್ಕಕ್ಕೆ ಚಾಚಿ, "ತಗೋ ಇನಾಯತ, ಅರ್ಜುಮಂದಗ ಮುಟ್ಟಸು," ಅಂದುಬಿಟ್ಟರು.

ಇನಾಯತ ಕೈ ಚಾಚಿಯೂ ಬಿಟ್ಟಿದ್ದ. ಆಮೇಲೆ ಇಬ್ಬರೂ ಅಲ್ಲೇ ನಿಂತರು, ನೋಟು ನಡುವೆ.

"ಅರ್ಜುಮಂದಗ?" ಎಂದರು ಜಮಾಲಸಾಬರು.

"ನಾ ಬರೇ ಒಯ್ಯಾಂವರಿ. ನನ್ನ ಕಾರ್ಡು ತಗೀಬ್ಯಾಡ್ರಿ," ಎಂದ ಇನಾಯತ.

ಚಮನಬೀಗೆ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಈ ಸಲ ಅವರು ಮೆಲ್ಲಗೆ ಮಾತಾಡಿದರು. "ಪೆನ್ಷನ್ ಬಂದ ಮೊದಲ ತಿಂಗಳ ನೀ ಇದನ್ನ ತಂದಿದ್ದಿ. ಬ್ಯಾಡ ಅಂದಿದ್ರ ನಿನ್ನ ಮುಖ ಬಾಡ್ತಿತ್ತು. ಇಟ್ಟುಕೊಂಡಿದ್ರ ಅರ್ಜುಮಂದಳ ಮುಖ ಬಾಡ್ತಿತ್ತು. ಎರಡೂ ನನ್ನ ಕೈಲಿ ಆಗಲಿಲ್ಲಪ. ಹೊಲಿಗಿ ಮಷೀನು ನನ್ನ ಹೊಟ್ಟಿ ನೋಡಕೊಳ್ತದ. ನಿನ್ನ ಕೈಲೆ ತಗೊಳ್ಳೋದೊಂದೇ ನನ್ನದು, ರೊಕ್ಕ ಆಕಿದು."

"ಮತ್ತ ಕಾರ್ಡಿನ ಫಿಕರ್ ಯಾಕ ಮಾಡಿದಿ?"

"ಕೈಗಿ ಬಂದ್ರ ಟ್ಯಾಕ್ಸ್ ಅಂದಿ. ನನ್ನ ಕೈಗಿ ಬಂದಿದ್ದು ಖರೇನೇ ಅಲ್ಲೇನು? ಮುಂದ ಅದು ಅರ್ಜುಮಂದಗ ಹೋಗ್ತದಂತ ಹೇಳಿದ್ರ ನಿಮ್ಮ ಮನ್ಯಾಗ ಜಗಳ."

ಅಂದು ಜಮಾಲಸಾಬರು ತಲೆ ಎತ್ತದೆ ಉಂಡರು. ಆದರೆ ಖಿಚಡಿ ಎರಡು ಸಲ ಹಾಕಿಸಿಕೊಂಡರು. ನಾನು ಮೂರು ಸಲ.

ಸಂಜೆ ಸುರಪುರದ ಮನೆಯಲ್ಲಿ ಅರ್ಜುಮಂದ ಅವರ ವಿಚಾರಣೆ ನಡೆಯಿತು. ಚಮನಬೀ ಕಟ್ಟಿಕೊಟ್ಟ ಖಿಚಡಿಯ ಡಬ್ಬಿ ಕೊಡುವ ನೆಪದಲ್ಲಿ ನಾನೂ ಹೊಸ್ತಿಲಲ್ಲಿ ನಿಂತಿದ್ದೆ. ಅವರು ಅಕ್ಕಿ ಆರಿಸುತ್ತ, ಕೈ ನಿಲ್ಲಿಸದೆ ಉತ್ತರ ಕೊಟ್ಟರು.

"ಹೌದ್ರೀ, ತಗೊಂಡೀನಿ. ನನ್ನ ಬಲ್ಲಿ ಎಲ್ಲಿ ಉಳೀತದ? ದಿನಾ ಮುಂಜಾನಿ ನಿಮ್ಮ ಕಿಸೆದಾಗ ಐವತ್ತು ರೂಪಾಯಿ ಇಡಾಕಿ ಯಾರು ಅಂತ ತಿಳಕೊಂಡೀರಿ?"

"ನನ್ನ ಪೆನ್ಷನ್ ಅಂತ ತಿಳಕೊಂಡಿದ್ದೆ."

"ನಿಮ್ಮ ಪೆನ್ಷನಿನಾಗ ಬಾಡಗಿ, ಕರೆಂಟು, ನಿಮ್ಮ ಬಿಪಿ ಗುಳಗಿ. ಮಂದಿ ಮುಂದ ಕಿಸೆ ಖಾಲಿ ಇಟ್ಟುಕೊಂಡು ಕುಂದರಬಾರದಂತ ಹೋಟೆಲಿನ ಚಹಾ ಇದರಾಗ."

ಐವತ್ತನ್ನು ಮೂವತ್ತು ದಿನಕ್ಕೆ ಹಾಕಿದರೆ ಎಷ್ಟಾಗುತ್ತದೆಂದು ಜಮಾಲಸಾಬರು ಬೆರಳು ಮಡಚಿದರು. ಆಮೇಲೆ ಕಾಲುವೆಯ ನಕ್ಷೆ ನೋಡುವವರ ಹಾಗೆ ನೆಲ ನೋಡುತ್ತ ಹೇಳಿಕೊಂಡರು: "ಗೇಟು ನನ್ನದು. ಮೊದಲನೇ ಹೊಲ ಆಪಾ. ಎರಡನೇದು ನೀನು. ಮೂರನೇದು ನನ್ನ ಕಿಸೆ. ಮುಂದ? ಕಟ್ಟಕಡೀ ಹೊಲ ಯಾವುದು?"

ಅಕ್ಕಿ ಆರಿಸುವ ಕೈ ಅಲ್ಲಿ ನಿಂತಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಜುಮಂದ ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

ಮರುದಿನ ಮುಂಜಾನೆ ಹೋಟೆಲು ತುಂಬಿತ್ತು. ಸೊನ್ನೆಯ ಸುದ್ದಿ ಇನಾಯತನ ಪೆಟ್ಟಿಗೆಯ ಜೊತೆ ಹಿಂದಿನ ರಾತ್ರಿಯೇ ಬಂದಿತ್ತು. ಪರಮಣ್ಣನವರು ಬಸಿಗೆ ಚಹಾ ಸುರಿದುಕೊಳ್ಳುತ್ತ, "ಏನ್ರಿ ಸಾಬ್ರ, ನಿಮ್ಮ ಟ್ಯಾಕ್ಸ್ ಎಷ್ಟಾತಂತ?" ಎಂದು ಕೇಳಿದರು.

"ಸೊನ್ನಿ, ಮಾಸ್ತರ್," ಎಂದರು ಜಮಾಲಸಾಬರು ಎದುರಿಗೆ ಕೂತು. "ತಪ್ಪು ನಂದು. ಬಾಯಿಗಿ ಬಂದಿದ್ದು ಹೇಳಿದ್ದೆ. ಆದ್ರ ನನ್ನ ರೊಕ್ಕ ಎಲ್ಲೆಲ್ಲಿ ಹರದು ಯಾವ ಹೊಲಕ್ಕ ಬಿದ್ದದ ಅನ್ನೋದು ನಿನ್ನೆ ತಿಳೀತು. ಲಾಡ್ಲೇಸಾಬ, ದಿನಾ ನನ್ನ ಐವತ್ತರಾಗ ಯಾರ ಚಹಾ ಎಷ್ಟು?"

"ನಿಮ್ಮದು ಒಂದ್ರಿ. ಮಾಸ್ತರದು ಮೂರು, ಮ್ಯಾಲೆ ಒಂದು ಪ್ಲೇಟ್ ಮಿರ್ಚಿ ಭಜಿ," ಎಂದ ಲಾಡ್ಲೇಸಾಬ, ಕೆಟಲಿನಿಂದ ಕಣ್ಣು ತೆಗೆಯದೆ.

"ಎಂಟು ವರ್ಷದಿಂದ," ಎಂದರು ಜಮಾಲಸಾಬರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀವು ಹೆಂಗೂ ಟ್ಯಾಕ್ಸ್ ಕಟ್ಟೋರು. ನನ್ನ ಪೆನ್ಷನ್ ತಗೊಂಡವರೇ ಟ್ಯಾಕ್ಸ್ ಕಟ್ಟಾಕತ್ತಾರಂದ್ರ, ನಾ ಅಂದಿದ್ದು ಸುಳ್ಳೇನಲ್ಲ."

ಪರಮಣ್ಣನವರು ಬಸಿಯನ್ನು ಬಾಯಿಗೂ ಒಯ್ಯಲಿಲ್ಲ, ಕೆಳಗೂ ಇಡಲಿಲ್ಲ. ಹೋಟೆಲಿನಲ್ಲಿ ಎಲ್ಲರೂ ನಗುತ್ತಿದ್ದರು. ಕೊನೆಗೆ ಅವರಿಗೂ ತಡೆಯಲಾಗಲಿಲ್ಲ, ಮೀಸೆಯಲ್ಲಿ ಚಹಾ ಹತ್ತಿಸಿಕೊಂಡು ನಕ್ಕರು. ಆಮೇಲೆ ಒಳಕಿಸೆಯಿಂದ ಹಣದ ಪಾಕೀಟು ತೆಗೆದು ಎಲ್ಲರ ಚಹಾದ ದುಡ್ಡು ಕೊಟ್ಟರು. ಲಾಡ್ಲೇಸಾಬ ಆ ನೋಟನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ ಗಲ್ಲಾಪೆಟ್ಟಿಗೆಗೆ ಹಾಕಿದ.

ಜನವರಿ ಒಂದನೇ ತಾರೀಖು ನನಗೆ ಶಹಾಪುರದಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಎಲ್ಲ ಗೊತ್ತಾದ ಮೇಲೆ ಇವರು ಹೋಗುತ್ತಾರೋ ಇಲ್ಲವೋ ಎಂಬ ಆತಂಕ ನನ್ನನ್ನು ಅಂಗಡಿಯಲ್ಲಿ ಕೂರಲು ಬಿಡಲಿಲ್ಲ. ಒಂಬತ್ತರ ಬಸ್ಸು ಹೋಯಿತು. ಹತ್ತರ ಬಸ್ಸಿಗೆ ಬಿಳಿ ಅಂಗಿ, ಖಾಲಿ ಡಬ್ಬಿ ಬಂದವು. ನನ್ನನ್ನು ನೋಡಿ "ಖಿಚಡಿಗಿ ಬಂದೀಯೇನು, ಹತ್ತು" ಅಂದರು.

ಚಮನಬೀ ಬಾಗಿಲಲ್ಲೇ ಇದ್ದರು. ಅವರ ಕಣ್ಣಿನಲ್ಲೂ ಅದೇ ಆತಂಕವಿತ್ತು. ತಮ್ಮನನ್ನು ಕಂಡೊಡನೆ ಅದು ಹೋಯಿತು. ಜಮಾಲಸಾಬರು ಗಂಟು ಬಿಚ್ಚಿ ಸಾವಿರದ ಐನೂರು ಕೊಟ್ಟರು. ಅಕ್ಕ ಎಂದಿನಂತೆ ಕಣ್ಣಿಗೆ ಒತ್ತಿಕೊಂಡು ಸೊಂಟಕ್ಕೆ ಸಿಗಿಸಿಕೊಂಡರು. ಬಾಗಿಲ ಪಕ್ಕ ಕೂತಿದ್ದ ಇನಾಯತ ಬಳೆಗಳನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದ. ಯಾರೂ ಅವನ ಕಡೆ ನೋಡಲಿಲ್ಲ.

ಆಮೇಲೆ ಜಮಾಲಸಾಬರು ಅಂಗಿಯ ಜೇಬಿಗೆ ಕೈ ಹಾಕಿ ಇನ್ನೊಂದು ನೂರರ ನೋಟು ತೆಗೆದು ಅಕ್ಕನ ಮುಂದೆ ಇಟ್ಟರು.

"ಇದು ಯಾತಕ್ಕ?" ಎಂದರು ಚಮನಬೀ.

"ಬಸ್ ಚಾರ್ಜಿಗಿ."

"ಯಾರ ಬಸ್ ಚಾರ್ಜು?"

"ರೊಕ್ಕದ್ದು," ಎಂದು ಜಮಾಲಸಾಬರು ಚಾಪೆಯ ಮೇಲೆ ಕೂತು ತಟ್ಟೆ ಎಳೆದುಕೊಂಡರು. "ತಿಂಗಳಾ ಅಷ್ಟು ದೂರ ಹೋಗಿ ಬರ್ತದ. ಖಟ್ಟಾ ಹಾಕು."